ಕುಂಕುಮ ಹಚ್ಚಿದ ಲಕೋಟೆ

ನಾಗರತ್ನಾಳಿಗೆ ಸೂಜಿ ಕಂಡರೆ ಜೀವ ಹೋಗುತ್ತಿತ್ತು. ಹೇಳಿದರೆ ಯಾರೂ ನಂಬುತ್ತಿರಲಿಲ್ಲ, ಯಾಕೆಂದರೆ ಮುಂಬೈಯ ಸಯನ್‌ನ ಅರ್ಧ ಹೆಂಗಸರ ಹುಬ್ಬು ಅವಳ ಕೈಯಲ್ಲಿತ್ತು. ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಉಳಿದದ್ದನ್ನು ಎರಡೂ ಕೈಗೆ ಸುತ್ತಿ ನಿಂತಳೆಂದರೆ ಎಂಥ ಜೋರಿನ ಅತ್ತೆಯಂದಿರೂ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಅದೇ ನಾಗರತ್ನಾ ಶುಗರ್ ಪರೀಕ್ಷೆಗೆ ಹೋದರೆ ಮುಖ ಗೋಡೆಗೆ ತಿರುಗಿಸಿ ಶಿವಶಿವಾ ಎನ್ನುತ್ತಾ ಗಂಡ ಮುರಿಗೆಪ್ಪನ ಕೈ ಹಿಂಡಿಬಿಡುತ್ತಿದ್ದಳು. ಪವಾಯಿಯ ದೊಡ್ಡ ಕಾಂಪ್ಲೆಕ್ಸೊಂದರಲ್ಲಿ ಲಿಫ್ಟ್ ನೋಡಿಕೊಳ್ಳುವ ಮುರಿಗೆಪ್ಪ, "ಇಕಿ ಸೂಜಿಗೆ ಹೆದರೂದು ನೋಡಿ ಡಾಕ್ಟರ್ ಹೆದರ್ತಾನ" ಎಂದು ಎಲ್ಲರೆದುರೂ ಆಡಿಕೊಳ್ಳುತ್ತಿದ್ದ.

ಧಾರವಾಡದ ಕಡೆಯಿಂದ ಮದುವೆಯಾಗಿ ಬಂದು ಇಪ್ಪತ್ತೈದು ವರ್ಷ. ಅದರಲ್ಲಿ ಇಪ್ಪತ್ತಮೂರು ವರ್ಷ ಇದೇ ಕೆಲಸ. ಹೆಗಲಿಗೊಂದು ಚೀಲ, ಚೀಲದಲ್ಲಿ ದಾರದ ಉಂಡೆ, ಕ್ರೀಮಿನ ಡಬ್ಬಿ, ಎರಡು ಬಿಳಿ ಟವೆಲ್. ಮನೆಮನೆಗೆ ಹೋಗಿ ಹುಬ್ಬು ತಿದ್ದುವುದು, ಫೇಶಿಯಲ್ ಮಾಡುವುದು, ಮದುಮಗಳನ್ನು ಸಿಂಗರಿಸುವುದು. ಕೆಲಸ ಕಲಿಸಿದವಳು ಮಾಟುಂಗಾದಲ್ಲಿ ಪುಟ್ಟ ಪಾರ್ಲರ್ ಇಟ್ಟಿದ್ದ ಮಲ್ಲವ್ವ. ಈಗ ಅವಳಿಲ್ಲ. ಆದರೆ ಅವಳು ಕಲಿಸಿದ್ದೊಂದು ನಾಗರತ್ನಾಳ ಹೆಬ್ಬೆರಳಿನಲ್ಲಿ ಉಳಿದಿತ್ತು. ಯಾವ ಮುಖಕ್ಕೇ ಆಗಲಿ, ಕ್ರೀಮು ಹಚ್ಚುವ ಮೊದಲು ಕೆನ್ನೆಯನ್ನು ಹೆಬ್ಬೆರಳಿನಿಂದ ಒತ್ತಬೇಕು. ಒತ್ತಿದ ಜಾಗ ಬೆಳ್ಳಗಾಗುತ್ತದೆ. ಬೆರಳು ತೆಗೆದು ಎಣಿಸಬೇಕು.

"ಒತ್ತು. ಬಿಡು. ಎಣಸು," ಎನ್ನುತ್ತಿದ್ದಳು ಮಲ್ಲವ್ವ. "ಎರಡು ಅನ್ನೂದರಾಗ ಕೆಂಪು ತಿರುಗಿ ಬರಬೇಕು. ಬರಲಿಲ್ಲಂದ್ರ ಆ ಮಾರಿಗೆ ಕೈ ಹಚ್ಚಬ್ಯಾಡ."

ಇಪ್ಪತ್ತಮೂರು ವರ್ಷದಲ್ಲಿ ಕೆಂಪು ತಿರುಗಿ ಬಾರದ ಕೆನ್ನೆಯನ್ನು ನಾಗರತ್ನಾ ಕಂಡಿರಲಿಲ್ಲ. ಆದರೂ ಒತ್ತುವುದನ್ನು ಬಿಟ್ಟಿರಲಿಲ್ಲ. ಹೊಸ ಕ್ರೀಮಾದರೆ ಡಬ್ಬಿಯ ಸೀಲನ್ನು ಎದುರಿಗೇ ಒಡೆದು ತೋರಿಸಬೇಕು, ಕಿವಿಯ ಹಿಂದೆ ಒಂಚೂರು ಹಚ್ಚಿ ಒಂದು ದಿನ ಕಾಯಬೇಕು. ಇಷ್ಟು ಶಿಸ್ತಿನವಳೆಂದೇ ಹೆಂಗಸರು ಮುಖಕ್ಕೆ ಏನೇ ಹಚ್ಚಿಕೊಳ್ಳುವುದಿದ್ದರೂ ಮೊದಲು ಅವಳನ್ನು ಕೇಳುತ್ತಿದ್ದರು. ರತ್ನಕ್ಕ ಹೂಂ ಎಂದರೆ ಹೂಂ, ಊಹೂಂ ಎಂದರೆ ಮುಗಿಯಿತು.

ಇಂಥ ಹೆಂಗಸು ಹಾಗೆ ಮಾಡಬಹುದೆ? ಮಾಡಿದಳಲ್ಲ!

ಸಂಕ್ರಾಂತಿ ಮುಗಿದ ವಾರ ಮಾಧುರಿಯ ಮನೆಯಲ್ಲಿ ಅರಿಶಿನ-ಕುಂಕುಮವಿತ್ತು. ಬೆಳಗಾವಿಯ ವ್ಯಾಪಾರಸ್ಥರ ಮನೆಯ ಮಾಧುರಿ ಏಳನೇ ಮಹಡಿಯ ದೊಡ್ಡ ಫ್ಲ್ಯಾಟಿನವಳು, ನಾಗರತ್ನಾಳ ಹಳೆಯ ಗಿರಾಕಿ. ಪ್ರತಿ ವರ್ಷ ಎಳ್ಳು-ಬೆಲ್ಲದ ಜೊತೆ ಅವಳು ಕೊಡುವ ಬಾಗಿನ, ಮುಂಬೈಯ ಮಾತಿನಲ್ಲಿ ವಾಣ, ಏನಿರಬಹುದೆಂದು ಹೆಂಗಸರು ತಿಂಗಳ ಮುಂಚೆಯೇ ಮಾತಾಡಿಕೊಳ್ಳುತ್ತಿದ್ದರು. ಒಂದು ವರ್ಷ ಸ್ಟೀಲ್ ಡಬ್ಬಿ, ಒಂದು ವರ್ಷ ರೇಷ್ಮೆಯ ಪರ್ಸು. ಈ ವರ್ಷ ಪ್ರತಿಯೊಬ್ಬಳ ಉಡಿಗೂ ಒಂದು ಗುಲಾಬಿ ಲಕೋಟೆ ಬಿತ್ತು, ಮೂಲೆಯಲ್ಲಿ ಕುಂಕುಮದ ಬೊಟ್ಟು. ಒಳಗೊಂದು ಕಾರ್ಡು. ಮಾಧುರಿ ಅಂಧೇರಿಯಲ್ಲಿ ಪಾಲುದಾರಿಕೆಯಲ್ಲಿ ಬ್ಯೂಟಿ ಸ್ಟುಡಿಯೋ ತೆರೆದಿದ್ದಳು. ಕಾರ್ಡು ತಂದವರಿಗೆ ಅಲ್ಲಿ ಮುಖಕ್ಕೆ ಒಂದು ಫಿಲ್ಲರ್ ಇಂಜೆಕ್ಷನ್ ಪುಕ್ಕಟೆ. ತಗ್ಗಿದ್ದಲ್ಲಿ ತುಂಬುತ್ತದೆ, ಗೆರೆ ಇದ್ದಲ್ಲಿ ಅಳಿಸುತ್ತದೆ, ಹತ್ತು ನಿಮಿಷದ ಕೆಲಸ.

ಇಂಜೆಕ್ಷನ್ ಕೊಡುವವನನ್ನೂ ಅವಳು ಅಲ್ಲಿಗೇ ಕರೆಸಿದ್ದಳು. ಅರಿಶಿನ-ಕುಂಕುಮದಲ್ಲಿ ಗಂಡಸಿಗೆ ಏನು ಕೆಲಸ ಎಂದು ಯಾರೂ ಕೇಳಲಿಲ್ಲ. ಪ್ರೀತಮ್ ಎಂದು ಹೆಸರು, ಮೂವತ್ತರ ಒಳಗಿನ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಕೋಟು. ನೇರ ನಾಗರತ್ನಾಳ ಹತ್ತಿರ ಬಂದು, ಚಿಕ್ಕಮ್ಮನನ್ನು ಕರೆದಂತೆ ಮೌಶಿ ಎನ್ನುತ್ತಾ ಕಾಲು ಮುಟ್ಟಿದ.

"ಮೌಶೀ, ನಾನೂ ಧಾರವಾಡ ಕಡೆಯಾಂವನ. ಗರಗದ ಹತ್ರ ನಮ್ಮೂರು. ನಿಮ್ಮ ಮಾತು ಕೇಳಿ ನಮ್ಮವ್ವನ ನೆನಪಾತು ನೋಡ್ರಿ."

ಆಯಿತು, ನಾಗರತ್ನಾ ಕರಗಿಹೋದಳು. ಈ ಊರಿನ ಲೋಕಲ್‌ನಲ್ಲಿ, ಬಾಜಿ ಮಾರ್ಕೆಟ್ಟಿನಲ್ಲಿ ದಿನವಿಡೀ ಹಿಂದಿ-ಮರಾಠಿ ಕಲಸಿ ಮಾತಾಡಿ ಬಾಯಿ ಸವೆದ ಹೆಂಗಸಿಗೆ ಯಾರಾದರೂ 'ನೋಡ್ರಿ' ಎಂದರೆ ಸಾಕು, ಹೊಟ್ಟೆಯ ಮಗನೇ ಎದುರು ನಿಂತ ಹಾಗಾಗುತ್ತದೆ. ಎಲ್ಲಿ ಓದಿದೀಯಪ್ಪಾ, ಡಾಕ್ಟರ್ ಹೌದೋ ಅಲ್ಲವೋ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕಾಲು ಮುಟ್ಟಿದವನಿಗೆ, ಅದೂ ನಮ್ಮ ಕಡೆಯವನಿಗೆ, ಕುಂಕುಮದ ದಿನ ಸರ್ಟಿಫಿಕೇಟು ತೋರಿಸು ಎನ್ನುವುದೇ? ಅಷ್ಟು ಮಾನಗೇಡಿ ಮಾತು ಅವಳ ಬಾಯಿಂದ ಹೊರಡಲಿಲ್ಲ.

ಹದಿನೇಳು ಹೆಂಗಸರು ಲಕೋಟೆ ಹಿಡಿದು ಅವಳನ್ನೇ ನೋಡುತ್ತಿದ್ದರು. "ಹೆಂಗನಸ್ತದ ರತ್ನಕ್ಕಾ?"

"ಚೊಲೊ ಅದಾನ್ರೀ. ನಮ್ಮ ಕಡೆಯಾಂವ," ಎಂದಳು ನಾಗರತ್ನಾ.

ಬಾಗಿಲ ಹತ್ತಿರ ಕೂತಿದ್ದ ಹಾಲವ್ವ ಇದನ್ನು ಕೇಳಿ ನಕ್ಕಳು. ವಿಜಯಪುರ ಕಡೆಯ ಮೇಸ್ತ್ರಿಯ ಹೆಂಡತಿ, ಅದೇ ಬಿಲ್ಡಿಂಗಿನ ಮೂರು ಮನೆಗಳಲ್ಲಿ ಅಡಿಗೆ ಮಾಡುವವಳು. "ನನ್ನ ಮಾರೀಗೆ ಏನ್ ಮಾಡ್ತಾರಂತ ಎವ್ವಾ? ಒಲಿ ಮುಂದ ಸುಟ್ಟ ಮಾರಿ ಇದು. ಇರ್ಲಿ ಬಿಡು, ನೀ ಚೊಲೊ ಅಂದ್ರ ಚೊಲೊನ," ಎಂದು ಲಕೋಟೆಯನ್ನು ಕುಪ್ಪಸದೊಳಗೆ ಸೇರಿಸಿಕೊಂಡಳು. ವಾಣ ಬೇಡ ಎನ್ನುವ ಹಾಗಿಲ್ಲ, ವಾಪಸು ಕೊಡುವ ಹಾಗಂತೂ ಇಲ್ಲವೇ ಇಲ್ಲ. ಮುತ್ತೈದೆಯ ಉಡಿಗೆ ಬಿದ್ದದ್ದು ಬಿತ್ತು.

ಒಂದು ಲಕೋಟೆ ನಾಗರತ್ನಾಳ ಮಗಳು ಸ್ನೇಹಲ್‌ಗೂ ಸಿಕ್ಕಿತ್ತು. ಇಪ್ಪತ್ತನಾಲ್ಕರ ಹುಡುಗಿ, ಪವಾಯಿಯ ಐಟಿ ಆಫೀಸೊಂದರ ಫ್ರಂಟ್ ಡೆಸ್ಕಿನಲ್ಲಿ ಕೆಲಸ. ಅವಳ ಮೂಗಿನ ನಡುವೆ ಒಂದು ಗುಬ್ಬು, ಎಲುಬಿನ ಉಬ್ಬು. ಅದು ನಾಗರತ್ನಾಳ ಅವ್ವನಿಂದ ನಾಗರತ್ನಾಳಿಗೆ, ಅಲ್ಲಿಂದ ಅವಳಿಗೆ ಬಂದ ಆಸ್ತಿ. ಆಫೀಸಿನಲ್ಲಿ ಯಾರೋ ಸೈಡ್‌ನಿಂದ ಫೋಟೋ ತೆಗೆದು ನಕ್ಕಿದ್ದರಂತೆ. ಅಂದಿನಿಂದ ಹುಡುಗಿ ಕನ್ನಡಿಯೆದುರು ನಿಂತು ಮೂಗಿನ ಮೇಲೆ ಬೆರಳಿಟ್ಟು ಅಳೆಯುವುದೇ ಅಳೆಯುವುದು. ಗುಬ್ಬಿನ ಮೇಲೂ ಕೆಳಗೂ ಒಂದಿಷ್ಟು ತುಂಬಿಸಿದರೆ ಮೂಗು ನೆಟ್ಟಗಾಗುತ್ತದೆ ಎಂದು ಪ್ರೀತಮ್ ಅವಳಿಗೆ ಹೇಳಿಬಿಟ್ಟಿದ್ದ.

"ಬ್ಯಾಡ ಸ್ನೇಹಲ್. ಸೂಜಿ ಅಂದ್ರ ನನಗ ಎದಿ ಡವಡವ ಅಂತದ," ಎಂದು ನಾಗರತ್ನಾ ಎರಡು ದಿನ ಬೇಡಿಕೊಂಡಳು.

"ಮಮ್ಮೀ, ಯಾರ್, ನೀನೇ ಬೋಲೀ ನಾ, ಅವನು ಚೊಲೊ ಇದಾನೆ ಅಂತ. ಎಲ್ಲರ ಸಾಮ್ನೆ ಹೇಳಿದಿ. ಅಬ್ ಕ್ಯಾ ಹುವಾ?"

ಏನಾಯಿತೆಂದು ಹೇಳುವುದು? ನೋಡದೆ ಹೇಳಿದೆ ಎನ್ನುವುದೇ? ಆ ಮಾತು ಮಗಳೆದುರಿಗೂ ಬಾಯಿಗೆ ಬರಲಿಲ್ಲ.

ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ತಾಯಿ ಮಗಳು ಅಂಧೇರಿಯಲ್ಲಿದ್ದರು. ಮೊಬೈಲ್ ಅಂಗಡಿಯ ಮೇಲೆ ಎರಡನೇ ಮಹಡಿ, ಮೆಟ್ಟಿಲಲ್ಲಿ ಅಗರಬತ್ತಿಯ ವಾಸನೆ. ಬೋರ್ಡಿನಲ್ಲಿ ಪ್ರೀತಮ್‌ನ ಹೆಸರಿತ್ತು, ಹೆಸರಿನ ಮುಂದೆ 'ಸ್ಕಿನ್ ಎಕ್ಸ್‌ಪರ್ಟ್' ಎಂದಿತ್ತು, ಡಾಕ್ಟರುಗಳ ಬೋರ್ಡಿನ ಕೆಳಗೆ ಇರುವ ರಿಜಿಸ್ಟ್ರೇಶನ್ ನಂಬರ್ ಇರಲಿಲ್ಲ. ಗೋಡೆಯ ಮೇಲೆ ಚಿನ್ನದ ಅಂಚಿನ ಎರಡು ಸರ್ಟಿಫಿಕೇಟು. ನಾಗರತ್ನಾಳ ಇಂಗ್ಲಿಷ್ ಅಂಗಡಿ ಬೋರ್ಡುಗಳಷ್ಟೇ. ಆದರೂ ಅಕ್ಷರ ಕೂಡಿಸಿ ಓದಿದಳು. 'ಟೂ ಡೇಸ್' ಎಂದಿತ್ತು. ಎರಡು ದಿನ. ತನಗೆ ಬರೀ ದಾರ ಹಿಡಿಯುವುದನ್ನು ಕಲಿಸಲು ಮಲ್ಲವ್ವ ಆರು ತಿಂಗಳು ತೆಗೆದುಕೊಂಡಿದ್ದಳು.

ಪ್ರೀತಮ್ ನಗುತ್ತಲೇ ಬಂದ. ಮೌಶಿ, ಚಹಾ ತಗೋರಿ ಎಂದ. ಮೂಲೆಯ ಪುಟ್ಟ ಫ್ರಿಜ್ಜಿನ ಬಾಗಿಲು ತೆರೆದ. ಒಳಗೆ ಮೊಸರಿನ ಕಪ್ಪು, ಒಂದು ಟಿಫಿನ್ ಡಬ್ಬಿ, ಅದರ ಪಕ್ಕದ ಸ್ಟೀಲ್ ತಟ್ಟೆಯಲ್ಲಿ ಮೊದಲೇ ತುಂಬಿಟ್ಟ ನಾಲ್ಕಾರು ಸಿರಿಂಜುಗಳು. ಅದರಲ್ಲೊಂದನ್ನು ಎತ್ತಿಕೊಂಡ. ಡಬ್ಬಿ ಇಲ್ಲ, ಸೀಲಿಲ್ಲ, ಹೆಸರಿನ ಚೀಟಿಯೂ ಇಲ್ಲ.

"ಇದರ ಡಬ್ಬಿ ಎಲ್ಲಿ ಅದಪಾ?" ನಾಗರತ್ನಾಳ ದನಿ ಅವಳಿಗೇ ಕೇಳದಷ್ಟು ಸಣ್ಣಗಿತ್ತು.

ಪ್ರೀತಮ್ ಕೈ ನಿಲ್ಲಿಸಿದ. ಮುಖ ಸಪ್ಪಗೆ ಮಾಡಿಕೊಂಡ. "ಏನ್ ಮೌಶೀ, ನನ್ನ ಮ್ಯಾಲೆ ನಂಬಿಕಿ ಇಲ್ಲೇನ್ರಿ? ಹೊರಗಿನ ಮಂದಿ ಹಂಗ ನೀವೂ ಕೇಳಿದ್ರ ಹೆಂಗ?"

ಅಷ್ಟಕ್ಕೇ ಇವಳು ನಾಚಿ ತಲೆ ತಗ್ಗಿಸಿದಳು. ಅಯ್ಯೋ ಹುಚ್ಚಿ, ತಲೆ ತಗ್ಗಿಸಬೇಕಾದವನು ಅವನಲ್ಲವೇ? ಮಗಳ ಕೈ ಹಿಡಿದು ಮೆಟ್ಟಿಲಿಳಿಯಬೇಕಾದ ಗಳಿಗೆ ಅದೇ ಆಗಿತ್ತು. ಇಳಿಯಲಿಲ್ಲ. ಗೋಡೆಗೆ ಮುಖ ಮಾಡಿ ಶಿವಶಿವಾ ಎಂದಳು. ಬೆನ್ನ ಹಿಂದೆ ಸ್ನೇಹಲ್ ಒಮ್ಮೆ "ಆಯೀ" ಎಂದು ಕಿರುಚಿದ್ದು ಕೇಳಿಸಿತು. ಮಮ್ಮಿ ಎನ್ನುವ ಹುಡುಗಿ ಆಯೀ ಎಂದಿದ್ದಳು.

ತಿರುಗಿದಾಗ ಮೂಗು ನೆಟ್ಟಗಾಗಿತ್ತು. ತುದಿ ಮಾತ್ರ ಸುಣ್ಣ ಬಳಿದಂತೆ ಬೆಳ್ಳಗಿತ್ತು. "ನಾರ್ಮಲ್ ಅದ, ಐಸ್ ಹಚ್ಚರಿ, ಸಂಜೀಕ ಆರಾಮ ಆಗ್ತದ," ಎಂದ ಪ್ರೀತಮ್.

ಅಂಧೇರಿಯಿಂದ ಲೋಕಲ್ ಹೊರಟಿತು. ದಾದರಿಗೆ ಹೋಗಿ ಸೇತುವೆ ದಾಟಿ ಸಯನ್ ಗಾಡಿ ಹಿಡಿಯಬೇಕು. ಲೇಡೀಸ್ ಡಬ್ಬಿಯಲ್ಲಿ ಕಿಟಕಿಯ ಸೀಟು ಸಿಕ್ಕಿತು. ವಿಲೆಪಾರ್ಲೆ ದಾಟುವವರೆಗೆ ಸ್ನೇಹಲ್ ಫೋನಿನ ಕ್ಯಾಮೆರಾದಲ್ಲಿ ಮೂಗನ್ನು ನೋಡಿಕೊಳ್ಳುತ್ತಾ ನಗುತ್ತಿದ್ದಳು. ಸಾಂತಾಕ್ರೂಜ್ ಬರುವಷ್ಟರಲ್ಲಿ ನಗು ನಿಂತಿತು. "ಮಮ್ಮೀ, ದುಖತಾ ಹೈ. ಜಾಸ್ತಿ ನೋವು. ಇಲ್ಲಿವರೆಗೆ ಬರ್ತಾ ಇದೆ," ಎಂದು ಎರಡು ಹುಬ್ಬಿನ ನಡುವೆ ತೋರಿಸಿದಳು.

ನಾಗರತ್ನಾ ಮಗಳ ಮುಖವನ್ನು ಬೆಳಕಿಗೆ ತಿರುಗಿಸಿದಳು. ಮೂಗಿನ ತುದಿಯ ಬಿಳುಪು ಮೇಲೆ ಹತ್ತುತ್ತಿತ್ತು. ಅದರ ಅಂಚಿನಲ್ಲಿ ಸಣ್ಣ ಬಲೆಯ ಹಾಗೆ ನೇರಳೆ ಗೆರೆಗಳು. ಇಪ್ಪತ್ತಮೂರು ವರ್ಷ ಮುಖಗಳನ್ನೇ ನೋಡಿದ ಕಣ್ಣು ಅದು. ಇಂಥದ್ದನ್ನು ಎಂದೂ ನೋಡಿರಲಿಲ್ಲ.

ಹೆಬ್ಬೆರಳು ತಾನಾಗಿಯೇ ಮೇಲೆದ್ದಿತು. ಮೂಗಿನ ಪಕ್ಕ ಒತ್ತಿದಳು, ಬಿಟ್ಟಳು.

ಒಂದು. ಎರಡು. ಮೂರು. ನಾಲ್ಕು. ಐದು. ಆರು.

ಕೆಂಪು ಬರಲಿಲ್ಲ.

ಮತ್ತೊಮ್ಮೆ ಒತ್ತಿದಳು, ಬೇರೆ ಕಡೆ ಒತ್ತಿದಳು, ತನ್ನ ಕೆನ್ನೆಯನ್ನೇ ಒತ್ತಿ ಸ್ನೇಹಲ್‌ಳ ಫೋನಿನಲ್ಲಿ ನೋಡಿಕೊಂಡಳು. ಇವಳದು ಎರಡಕ್ಕೆ ಬಂತು, ಮಗಳದು ಬರಲೇ ಇಲ್ಲ. ರಕ್ತ ಅಲ್ಲಿಗೆ ಹೋಗುತ್ತಿಲ್ಲ. ಅದನ್ನು ತಿಳಿಯಲು ಡಾಕ್ಟರಾಗಬೇಕಿರಲಿಲ್ಲ. ರಕ್ತ ಹೋಗದ ಜಾಗ ಏನಾಗುತ್ತದೆಂದು ಯೋಚಿಸಲಾರದೆ ಅವಳು ಪ್ರೀತಮ್‌ಗೆ ಫೋನ್ ಮಾಡಿದಳು.

"ಮೌಶೀ, ಹೆದರಬ್ಯಾಡ್ರಿ. ನೀಲಿಗಟ್ಟೂದು ಸಹಜ ಅದ. ಐಸ್ ಇಡ್ರಿ, ಒಂದು ಗುಳಗಿ ಕೊಡ್ರಿ. ಮತ್ತ ಯಾವ ಡಾಕ್ಟರ್ ಕಡೆನೂ ಹೋಗಬ್ಯಾಡ್ರಿ, ಸುಮ್ನ ಹೆದರಸ್ತಾರ. ನಾಳೆ ನನ್ನ ಕಡೆನ ಬರ್ರಿ."

ಬಾಂದ್ರಾ ಬಂತು. ಸಹಜ ಎನ್ನುತ್ತಿದ್ದಾನೆ, ನಮ್ಮ ಕಡೆಯವನು, ಸುಳ್ಳು ಯಾಕೆ ಹೇಳಿಯಾನು? ನಾಳೆಯವರೆಗೆ ಕಾದರೆ ಏನಾದೀತು? ಇತ್ತ ಹೆಬ್ಬೆರಳು ಬೇರೆಯದೇ ಹೇಳುತ್ತಿತ್ತು. ಮಾಹಿಮ್ ದಾಟುವಾಗ ಸ್ನೇಹಲ್ ಕಣ್ಣು ಉಜ್ಜಿಕೊಂಡು, "ಮಮ್ಮೀ, ಕಣ್ಣಲ್ಲಿ ನೀರು ಬರ್ತಿದೆ, ಪತಾ ನಹೀ ಕ್ಯೂಂ," ಎಂದಳು. ಅಷ್ಟು ಸಾಕಾಯಿತು. ನಾಗರತ್ನಾಳಿಗೆ ಕುರುಡಿ ಮಗಳು ಕಣ್ಣೆದುರಿಗೇ ಬಂದು ಕೂತಂತಾಯಿತು. ಹೋಗಲಿ ಈ ನಾಚಿಕೆ, ಸುಡಲಿ ಈ ಮಾನ ಎಂದುಕೊಂಡು ದಾದರಿನ ಸೇತುವೆಯ ಮೇಲೆ, ನೂಕುನುಗ್ಗಲಿನ ನಡುವೆ, ಕಂಬಕ್ಕೆ ಒರಗಿ ನಿಂತು ಶೀತಲ್ ಡಾಕ್ಟರಿಗೆ ಫೋನ್ ಹಚ್ಚಿದಳು.

ಈ ಶೀತಲ್ ಡಾಕ್ಟರ್ ಚರ್ಮದ ತಜ್ಞೆ. ಸಯನ್ ಸ್ಟೇಷನ್ನಿನ ಹತ್ತಿರ ಅವರ ಕ್ಲಿನಿಕ್ಕು. ಒಂಬತ್ತು ವರ್ಷದಿಂದ ಅವರ ಹುಬ್ಬು ತಿದ್ದುತ್ತಿದ್ದವಳು ಇದೇ ನಾಗರತ್ನಾ! ಅವರೂ ಬೆಳಗಾವಿಯವರೇ. ಆದರೆ ಮಾತು ಕಡಿಮೆ, ಮೌಶಿ ಗೀಶಿ ಇಲ್ಲ, ಊರಿನ ಸುದ್ದಿ ಇಲ್ಲ, ಪುಸ್ತಕದಿಂದ ತಲೆ ಎತ್ತುವುದೇ ಅಪರೂಪ. ಹಾಗಾಗಿ ಅವರು ನಮ್ಮವರು ಎಂದು ಇವಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಹೋದ ವರ್ಷವೊಮ್ಮೆ ಅವರು, "ನಿನ್ನ ಗಿರಾಕಿಗಳು ಯಾರಾದ್ರೂ ಇಂಜೆಕ್ಷನ್ ತಗೊಳೋರಿದ್ರ ಮೊದಲ ನನ್ನ ಕೇಳು," ಎಂದಿದ್ದರು. ತಮ್ಮ ಅಂಗಡಿಯ ಜಾಹೀರಾತು ಮಾಡುತ್ತಿದ್ದಾರೆ ಎಂದುಕೊಂಡು ನಾಗರತ್ನಾ ಅದನ್ನು ಅಲ್ಲೇ ಬಿಟ್ಟಿದ್ದಳು.

ಡಾಕ್ಟರ್ ಪೂರ್ತಿ ಕೇಳಿಸಿಕೊಳ್ಳಲಿಲ್ಲ. "ಒತ್ತಿದ್ರ ಕೆಂಪು ಬರಾಕ ಎಷ್ಟು ಹೊತ್ತು?" ಎಂದು ಒಂದೇ ಕೇಳಿದರು.

"ಬರೂದ ಇಲ್ರೀ."

"ಐಸ್ ಇಟ್ಟಿದ್ರ ತಗದು ಒಗಿ. ಇದ್ದಂಗ ಬಾ. ನಾ ಮನಿಯಿಂದ ಕ್ಲಿನಿಕ್ಕಿಗೆ ಹೊಂಟೆ. ಏನು ಹಾಕ್ಯಾನ ಅಂತ ಅವನ್ನ ಕೇಳಿ ಹೆಸರು ತಗೊಂಡು ಬಾ."

ಸಯನ್ ಮುಟ್ಟುವವರೆಗೆ ನಾಗರತ್ನಾ ಪ್ರೀತಮ್‌ಗೆ ಹನ್ನೊಂದು ಸಲ ಫೋನ್ ಮಾಡಿದಳು. ಮೊದಲ ಆರು ಸಲ ರಿಂಗಾಯಿತು. ಆಮೇಲೆ ಅದೂ ಇಲ್ಲ.

ಕ್ಲಿನಿಕ್ಕಿನಲ್ಲಿ ಡಾಕ್ಟರ್ ಸ್ನೇಹಲ್‌ಳನ್ನು ಮಲಗಿಸಿ ಟಾರ್ಚು ಹಾಕಿ ಕಣ್ಣು ನೋಡಿದರು. ಒಂದು ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ಓದಿಸಿದರು, ಇನ್ನೊಂದು ಮುಚ್ಚಿ ಓದಿಸಿದರು. ಸ್ನೇಹಲ್ ತೊದಲುತ್ತಾ ತಾರೀಖುಗಳನ್ನು ಓದುತ್ತಿದ್ದರೆ ನಾಗರತ್ನಾ ಪ್ರತಿ ಅಂಕಿಗೂ ಬಾಯೊಳಗೇ ಹೂಂ ಎನ್ನುತ್ತಿದ್ದಳು. ಕಣ್ಣು ಸದ್ಯ ಉಳಿದಿತ್ತು. "ಮೂಗಿನ ರಕ್ತನಾಳ ಕಣ್ಣಿಗೂ ಹೋಗಿ ಕೂಡ್ತಾವ," ಎಂದರು ಡಾಕ್ಟರ್. "ಅವಂಗ ಇದು ಗೊತ್ತಿತ್ತೇನು?"

ಆಮೇಲೆ ಸಿರಿಂಜು ಸಿದ್ಧ ಮಾಡುತ್ತಾ ಬಿಡಿಸಿ ಹೇಳಿದರು. ತುಂಬಿದ ಪದಾರ್ಥ ರಕ್ತನಾಳಕ್ಕೆ ಸಿಕ್ಕಿಕೊಂಡಿದೆ, ಅಥವಾ ಅದನ್ನು ಹಿಸುಕುತ್ತಿದೆ. ಅದನ್ನು ಕರಗಿಸುವ ಔಷಧವಿದೆ. ಆದರೆ ಅದು ಒಂದೇ ಜಾತಿಯ ಫಿಲ್ಲರನ್ನು ಕರಗಿಸುತ್ತದೆ. ಬೇರೆ ಏನನ್ನಾದರೂ ಹಾಕಿದ್ದರೆ ಕರಗುವುದಿಲ್ಲ. "ಡಬ್ಬಿ ನೋಡಿದ್ಯಾ?"

ನಾಗರತ್ನಾ ಇಲ್ಲ ಎಂದು ತಲೆ ಆಡಿಸಿದಳು.

"ಅವನ ರಿಜಿಸ್ಟ್ರೇಶನ್ ನಂಬರ್? ಎಲ್ಲಿ ಓದ್ಯಾನ? ಹಿಂಗಾದ್ರ ಕರಗಸೋ ಔಷಧ ಅವನ ಕಡೆ ಅದ ಏನು? ಏನೂ ಕೇಳಲಿಲ್ಲ? ಒಂದು ಕ್ರೀಮಿನ ಸೀಲು ತೋರಸದ ಒಡಿಯೂದಿಲ್ಲಲ್ಲ ನೀನು, ನಾಗರತ್ನಾ!"

ಸಿಟ್ಟಿನ ಮಾತಲ್ಲ, ಸುಮ್ಮನೆ ಆಶ್ಚರ್ಯದಿಂದ ಕೇಳಿದ್ದು. ಬೈದಿದ್ದರೆ ಎಷ್ಟೋ ಮೇಲಿತ್ತು. ನಾಗರತ್ನಾ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಈ ಸಲ ಸೂಜಿ ಚುಚ್ಚುವಾಗ ಅವಳು ಗೋಡೆಗೆ ತಿರುಗಲಿಲ್ಲ. ಮಗಳ ತಲೆ ಹಿಡಿದು ಪ್ರತಿ ಚುಚ್ಚನ್ನೂ ನೋಡಿದಳು. ಡಾಕ್ಟರ್ ಡಬ್ಬಿಯನ್ನು ಅವಳೆದುರೇ ಒಡೆದು, ಹೆಸರು ಓದಿ ತೋರಿಸಿದ್ದರು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮೂಗಿನ ಮೇಲಿಟ್ಟು, ಗಂಟೆ ಬಿಟ್ಟು ಮತ್ತೊಂದು ಸುತ್ತು. ನಡುವೆ ನಾಗರತ್ನಾ ಒತ್ತಬೇಕು, ಎಣಿಸಬೇಕು. "ನಿನ್ನ ಬೆರಳಿಗೆ ರೂಢಿ ಅದ, ನೀನ ನೋಡು," ಎಂದು ಡಾಕ್ಟರೇ ಹೇಳಿದ್ದರು. ಮೊದಲ ಸುತ್ತಿನ ಮೇಲೆ ಹತ್ತರವರೆಗೆ ಎಣಿಸಿದಳು, ಬರಲಿಲ್ಲ. ಕರಗದ ಜಾತಿಯದೇ ಇರಬೇಕು ಎಂದುಕೊಂಡಳು. ಎರಡನೆಯ ಸುತ್ತಿನ ಮೇಲೆ ಒತ್ತಲು ಬೆರಳು ಏಳಲೇ ಇಲ್ಲ. ಎಡಗೈಯಿಂದ ಬಲಗೈ ಹಿಡಿದು ಎತ್ತಿ ಒತ್ತಿದಳು. ಏಳು ಎನ್ನುವಾಗ ಅಂಚಿನಲ್ಲಿ ಒಂದು ಚೂರು ಗುಲಾಬಿ. ಮೂರನೆಯ ಸುತ್ತಿಗೆ ನಾಲ್ಕು. ಸಂಜೆ ಆರೂವರೆಗೆ ಮೂರು.

"ಬಚಾವಾದ್ಳು," ಎಂದರು ಡಾಕ್ಟರ್. "ತುದಿಗೆ ಒಂದು ಸಣ್ಣ ಕಲೆ ಉಳೀಬಹುದು. ನಾಳೆ ಮುಂಜಾನೆ ಮತ್ತ ತೋರಸು. ರಾತ್ರಿ ತನಕಾ ಕಾದಿದ್ರ ಮೂಗಿನ ತುದಿ ಕಪ್ಪಾಗಿ ಉದುರ್ತಿತ್ತು."

ಕುಸಿದು ಕೂತ ನಾಗರತ್ನಾಳಿಗೆ ಅಳು ನಗು ಎರಡೂ ಒಟ್ಟಿಗೆ ಬಂದವು. ಮಗಳ ಗುಬ್ಬು ಮೂಗಿಗೆ, ಮೊದಲಿನ ಅದೇ ಗುಬ್ಬು ಮೂಗಿಗೆ, ಬೆರಳು ತಾಗಿಸಿ, ಆ ಬೆರಳಿಗೆ ಮುತ್ತಿಟ್ಟಳು. ಅದೇ ಹೊತ್ತಿಗೆ ಇನ್ನೊಂದು ನೆನಪಾಯಿತು. ಉಳಿದ ಹದಿನೇಳು ಲಕೋಟೆಗಳು!

ಬರೆಯುವಷ್ಟು ಸಮಾಧಾನವಿರಲಿಲ್ಲ. ಹೆಂಗಸರ ವಾಟ್ಸಾಪ್ ಗುಂಪಿಗೆ ಮಾತಿನಲ್ಲೇ ಕಳಿಸಿದಳು, "ಯಾರೂ ಹೋಗಬ್ಯಾಡ್ರಿ, ಸ್ನೇಹಲ್‌ಗ ಹಿಂಗಾತು" ಎಂದು. ಹತ್ತು ನಿಮಿಷದಲ್ಲಿ ಅದು ಅಳಿಸಿಹೋಗಿತ್ತು. ಇನ್ನೈದು ನಿಮಿಷಕ್ಕೆ ನಾಗರತ್ನಾಳೇ ಗುಂಪಿನಲ್ಲಿರಲಿಲ್ಲ. ಅಡ್ಮಿನ್ ಮಾಧುರಿ. ಹಿಂದೆಯೇ ಅವಳ ಫೋನೂ ಬಂತು.

"ಒಬ್ಬಾಕಿಗೆ ಆತಂತ ಎಲ್ಲಾರಿಗೂ ಆಗ್ತದೇನು? ನನ್ನ ಧಂದಾಕ್ಕ ಕಲ್ಲು ಹಾಕಬ್ಯಾಡ. ಮತ್ತ ನೆನಪಿಟ್ಟಕೋ, ಚೊಲೊ ಅದಾನ ಅಂತ ಎಲ್ಲಾರ ಮುಂದ ಹೇಳಿದಾಕಿ ನೀನ. ನಾ ಅಲ್ಲ."

ಮಾತು ಖರೆಯಾಗಿತ್ತು.

ಭಾನುವಾರ ಬೆಳಿಗ್ಗೆ ಸ್ನೇಹಲ್‌ಳನ್ನು ಡಾಕ್ಟರಿಗೆ ತೋರಿಸಿ, ಮುರಿಗೆಪ್ಪನ ಹತ್ತಿರ ಬಿಟ್ಟು, ನಾಗರತ್ನಾ ಚೀಲ ಹೆಗಲಿಗೇರಿಸಿ ಹೊರಟಳು. ವಾಣ ವಾಪಸು ಕೇಳಿದರೆ ಯಾರೂ ಕೊಡುವುದಿಲ್ಲ, ಅಪಶಕುನ ಎನ್ನುತ್ತಾರೆ. ಹಾಗಾಗಿ ಚೀಲದ ತುಂಬ ಹಸಿರು ಗಾಜಿನ ಬಳೆ ತುಂಬಿಕೊಂಡಳು. ಲಕೋಟೆ ಇಸಿದುಕೊಂಡು ಐದು ಬಳೆ ಉಡಿಗೆ ಹಾಕಿದರೆ ಮುತ್ತೈದೆಯ ಕೈ ಬರಿದಾಗುವುದಿಲ್ಲವಲ್ಲ.

ದೊಡ್ಡ ಬಿಲ್ಡಿಂಗುಗಳಿಂದ ಶುರುಮಾಡಿದಳು. ಮುಖದ ಚಿಂತೆ ಅವರಿಗೇ ಹೆಚ್ಚು, ಮೊದಲು ಓಡುವವರು ಅವರೇ ಎಂಬುದು ಅವಳ ಲೆಕ್ಕ. ಒಬ್ಬಳು ಸುಮ್ಮನೆ ಕೊಟ್ಟಳು. ಒಬ್ಬಳು ನಕ್ಕಳು. ಇನ್ನೊಬ್ಬಳು, "ಅವತ್ತ ಒಂದು ಹೇಳ್ತಿ, ಇವತ್ತ ಒಂದು ಹೇಳ್ತಿ, ನಿನ್ನ ಮಾತು ಹೆಂಗ ನಂಬೂದು?" ಎಂದು ಬಾಗಿಲಲ್ಲೇ ನಿಲ್ಲಿಸಿದಳು. ಪ್ರತಿ ಮನೆಯಲ್ಲೂ ಮಗಳ ಮೂಗಿನ ಕತೆ ಹೇಳಿದಳು. ತಾನು ಏನೂ ನೋಡದೆ, ಕೇಳದೆ ಹೇಳಿದ್ದೆ ಎನ್ನುವುದನ್ನು ಮಾತ್ರ ಹೇಳಲಾಗಲಿಲ್ಲ. ಮಧ್ಯಾಹ್ನ ಮೂರಕ್ಕೆ ಹದಿನಾರು ಲಕೋಟೆ ಕೈ ಸೇರಿದ್ದವು. ಉಳಿದವಳು ಹಾಲವ್ವ. ಅವಳ ಫೋನು ಬೆಳಿಗ್ಗೆಯಿಂದ ಬಂದ್ ಇತ್ತು. ಪರವಾಗಿಲ್ಲ ಎಂದುಕೊಂಡು ಅವಳನ್ನು ಕೊನೆಗಿಟ್ಟಿದ್ದಳು. ಅಡಿಗೆ ಕೆಲಸದ ಹಾಲವ್ವ ಎಲ್ಲಿಗೆ ಹೋದಾಳು ಅಂಧೇರಿಗೆ?

ಚಾಳಿನ ಕೊನೆಯ ಖೋಲಿ. ಬಾಗಿಲು ತೆರೆದೇ ಇತ್ತು. ಹಾಲವ್ವ ಹೊಸ್ತಿಲಲ್ಲಿ ಕೂತು, ಟವೆಲಿನಲ್ಲಿ ಐಸ್ ಸುತ್ತಿ ಬಾಯಿಯ ಪಕ್ಕ ಹಿಡಿದುಕೊಂಡಿದ್ದಳು. ನಾಗರತ್ನಾಳನ್ನು ಕಂಡು ಮುಖ ಅರಳಿತು.

"ಬಾ ಎವ್ವಾ. ಆಯತಾರ ಸೂಟಿ ಇತ್ತಲ್ಲ, ಇವತ್ತ ಹೋಗಿ ಬಂದ್ಬಿಟ್ಟೆ. ನನ್ನ ಜಲ್ಮದಾಗ ಯಾರೂ ನನ್ನ ಮಾರಿ ಚಂದ ಮಾಡ್ತೀನಿ ಅಂದಿರಲಿಲ್ಲ. ಭಾಳ ಸಂಭಾವಿತ ಹುಡುಗ ಬಿಡು, ಕಾಲು ಮುಟ್ಟಿದ. ಜರಾ ನೋವು ಅದ. ಆದ್ರ ನೀ ಚೊಲೊ ಅದಾನ ಅಂದಿದ್ಯಲ್ಲ, ಹಂಗಂತ ಧೈರ್ಯಾ."

ಚೀಲ ನಾಗರತ್ನಾಳ ಹೆಗಲಿಂದ ಜಾರಿ ಬಿತ್ತು. ಬಳೆಗಳು ಒಡೆದ ಸದ್ದಾಯಿತು. ಅವಳು ಮಂಡಿಯೂರಿ ಕೂತು ಐಸನ್ನು ಕಿತ್ತು ಬಿಸುಟಳು. ಹಾಲವ್ವನ ಮೂಗಿನ ಪಕ್ಕದಿಂದ ಮೇಲ್ದುಟಿಯವರೆಗೆ ಸುಣ್ಣದ ಬಿಳುಪು. ಹೆಬ್ಬೆರಳು ಒತ್ತಿದಳು, ಬಿಟ್ಟಳು.

ಒಂದು. ಎರಡು. ಮೂರು. ನಾಲ್ಕು. ಐದು.

"ಏನ ಎಣಸಾಕತ್ತೀಯ ಎವ್ವಾ?" ಹಾಲವ್ವ ನಗಲು ನೋಡಿದಳು. ತುಟಿಯ ಒಂದು ಬದಿ ಅಲುಗಲಿಲ್ಲ.

"ನಾ ನೋಡಿರಲಿಲ್ಲ, ಹಾಲವ್ವಾ," ಎಂದಳು ನಾಗರತ್ನಾ. ಹದಿನಾರು ಮನೆಗಳಲ್ಲಿ ಹೊರಡದಿದ್ದ ಮಾತು ಈಗ ತಾನಾಗಿ ಹೊರಟಿತು. "ಅವ ಡಾಕ್ಟರ್ ಹೌದೋ ಅಲ್ಲೋ ಕೇಳಿರಲಿಲ್ಲ. ಏನೂ ನೋಡದನ ಚೊಲೊ ಅದಾನ ಅಂದೆ. ಏಳು, ಚಪ್ಪಲಿ ಬ್ಯಾಡ, ಹಂಗ ಬಾ."

ಆಟೋದಲ್ಲಿ ಕೂತು ಶೀತಲ್ ಡಾಕ್ಟರಿಗೆ ಫೋನ್ ಹಚ್ಚುವಾಗ ಹಾಲವ್ವ ಅವಳ ರಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಈಗ ಅವಳಿಗೂ ಹೆದರಿಕೆ ಹತ್ತಿತ್ತು.

"ಈ ಡಾಕ್ಟರವ್ವ ನಮ್ಮ ಕಡೆಯಾಕಿ ಹೌದಿಲ್ಲೋ?"

"ಅದನ್ನ ಕೇಳಬ್ಯಾಡ ಹಾಲವ್ವಾ. ಓದಿದಾಕಿ ಅದಾಳ. ಬೋರ್ಡಿನ ಮ್ಯಾಲೆ ನಂಬರ್ ಅದ, ಇವತ್ತ ಮುಂಜಾನೆ ನಾ ನಿಂತು ಓದಿ ಬಂದೀನಿ."

ಸಯನ್ ಸರ್ಕಲ್ಲಿನ ಸಿಗ್ನಲ್ಲಿಗೆ ಆಟೋ ನಿಂತಿತು. ನಾಗರತ್ನಾ ಮತ್ತೆ ಹೆಬ್ಬೆರಳು ಒತ್ತಿ, ಬಿಟ್ಟು, ಮೊದಲಿನಿಂದ ಎಣಿಸತೊಡಗಿದಳು.